ಆಷಾಢಕ್ಕೆ ಹೋದ ಬ್ಯಾಕಪ್

ಮಾನ್ಯ ‘ನಿಶ್ಚಿಂತ’ ಬ್ಯಾಕಪ್ ತಂತ್ರಾಂಶದವರ ದಿವ್ಯ ಸನ್ನಿಧಿಗೆ,

ಸಹಕಾರನಗರದ ಗಂಗರತ್ನ ವಧೂವರ ಮಾಹಿತಿ ಕೇಂದ್ರದ ಹಿಂದಿನ ಕೋಣೆಯಿಂದ, ತಮ್ಮ ಪಾಲನೆಗೆಂದೇ ನೇಮಕಗೊಂಡಿರುವ ಶೀತಲ್ ಎಂಬುವಳು ಮಾಡುವ ಅನಂತ ನಮಸ್ಕಾರಗಳು. ತಾವು ಕ್ಷೇಮವೆಂದು ತಾವೇ ದಿನಾ ಬೆಳಿಗ್ಗೆ ಮಿಂಚಂಚೆ ಕಳುಹಿಸುವುದರಿಂದ ಕ್ಷೇಮ ವಿಚಾರಿಸುವ ವಾಡಿಕೆಯನ್ನು ಇಲ್ಲಿ ಬಿಟ್ಟಿದ್ದೇನೆ. ನಾವು ಕ್ಷೇಮವೇ ಎಂದು ತಾವು ಒಮ್ಮೆಯಾದರೂ ಕೇಳಿದ್ದರೆ ಈ ಪತ್ರ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಇದು ಬಹಿರಂಗ ಪತ್ರವಾದ್ದರಿಂದ, ತಮ್ಮ ಮಹಿಮೆಯನ್ನು ಅರಿಯದವರಿಗಾಗಿ ಎರಡು ಮಾತು. ನಮ್ಮ ಕೇಂದ್ರದ ಕಂಪ್ಯೂಟರಿನಲ್ಲಿ ಯಲಹಂಕದಿಂದ ಯಶವಂತಪುರದವರೆಗಿನ ಸಾವಿರಾರು ಹುಡುಗ ಹುಡುಗಿಯರ ಭಾವಚಿತ್ರ, ಜಾತಕ, ಎತ್ತರ ಮತ್ತು ನಿರೀಕ್ಷೆಗಳಿವೆ. ರಾತ್ರಿ ಎಲ್ಲರೂ ಮನೆಗೆ ಹೋದ ಮೇಲೆ ಅವೆಲ್ಲದರ ಒಂದು ಪ್ರತಿ ತೆಗೆದು ಬೇರೆ ಕಡೆ ಜೋಪಾನವಾಗಿಡುವುದು, ಮೂಲ ಯಂತ್ರ ಸತ್ತರೆ ಆ ಪ್ರತಿಯಿಂದ ಎಲ್ಲವನ್ನೂ ಮೊದಲಿದ್ದಂತೆ ಮರಳಿಸುವುದು ತಮ್ಮ ಕೆಲಸ. ತಾವು ಆ ಕೆಲಸ ಮಾಡಿದಿರೆಂದು ತಾವೇ ಹೇಳುವುದನ್ನು ಓದುವುದು ನನ್ನ ಕೆಲಸ. ಕನ್ನಡ ಸಾಹಿತ್ಯದಲ್ಲಿ ಪದವಿ ಮುಗಿಸಿ ಸಂದರ್ಶನಕ್ಕೆ ಬಂದ ನನಗೆ ಕೇಂದ್ರದ ಒಡತಿ ಗಂಗರತ್ನಮ್ಮನವರು, “ಸುಮ್ನೆ ಒಂದ್ ಕಡೆ ಕೂತ್ಕೊಂಡು ಹಸಿರು ಗುರುತು ಬಂತಾ ಅಂತ ನೋಡ್ತಿರ್ಬೇಕು ಅಷ್ಟೆ. ಯಾರ್ ಜೊತೆನೂ ಮಾತಾಡೋ ಕೆಲ್ಸ ಇಲ್ಲ, ಪರ್ವಾಗಿಲ್ವಾ?” ಎಂದು ಅನುಮಾನದಿಂದ ಕೇಳಿದಾಗ, ಇಷ್ಟು ಸುಖದ ಉದ್ಯೋಗವೂ ಭೂಮಿಯ ಮೇಲಿದೆಯೇ ಎಂದು ನನಗೆ ಮಾತೇ ಹೊರಡಲಿಲ್ಲ. ಆ ಮೌನವನ್ನೇ ಅವರು ಅರ್ಹತೆಯೆಂದು ತಿಳಿದು ಕೆಲಸ ಕೊಟ್ಟರು.

ಅಂದಿನಿಂದ ಪ್ರತಿ ಬೆಳಿಗ್ಗೆ ತಾವು ಕಳುಹಿಸುತ್ತಿದ್ದ ವರದಿಯನ್ನು ನಾನು ಭಾವಗೀತೆಯಂತೆ ಓದುತ್ತಿದ್ದೆ. ‘ನಿಗದಿಯಾದ ಎಲ್ಲ ಕೆಲಸಗಳೂ ಯಶಸ್ವಿ. ವಿಫಲ: ಸೊನ್ನೆ.’ ಪಕ್ಕದಲ್ಲಿ ಮಳೆ ಬಿದ್ದ ಮರುದಿನದ ಗರಿಕೆಯಂಥ ಹಸಿರು ಗುರುತು. ಶ್ರಾವಣ, ಕಾರ್ತಿಕ, ಮಾಘ ಎಲ್ಲ ಕಳೆದರೂ ತಾವು ಒಂದು ದಿನವೂ ಸೋಲಲಿಲ್ಲ. ನನ್ನ ಜೊತೆ ಓದಿದವರಲ್ಲಿ ಯಾರಿಗೂ ಇಂಥ ದಾಖಲೆಯಿಲ್ಲ.

ಈ ವೈಶಾಖದಲ್ಲಿ, ಮುಹೂರ್ತಗಳ ಭರಾಟೆಯಲ್ಲಿ, ಏಸಿಯೊಂದು ಸೋರಿ ಮೂಲ ಯಂತ್ರದ ಮೇಲೆ ಅಭಿಷೇಕ ಮಾಡಿತು. ಯಂತ್ರ ಅಲ್ಲೇ ಶಾಂತವಾಯಿತು. ಗಂಗರತ್ನಮ್ಮನವರು ಬದಲಿ ಯಂತ್ರ ತರಿಸಿ, ಊದುಬತ್ತಿ ಹಚ್ಚಿ ನನ್ನ ಬೆನ್ನ ಹಿಂದೆ ನಿಂತರು, ನಾನು ಬಂದಾಗಿನಿಂದ ಮುಟ್ಟದ ‘ಮರುಸ್ಥಾಪಿಸು’ ಎಂಬ ಗುಂಡಿಯನ್ನು ಒತ್ತಿದೆ, ಊದುಬತ್ತಿ ಅರ್ಧ ಉರಿಯುವಷ್ಟರಲ್ಲಿ ತಾವು ‘ಮರುಸ್ಥಾಪನೆ ಯಶಸ್ವಿ. ದೋಷ: ಸೊನ್ನೆ’ ಎಂದು ಘೋಷಿಸಿದಿರಿ. ಅಷ್ಟೊಂದು ಮಾಹಿತಿ ಇಷ್ಟು ಬೇಗ ಹೇಗೆ ಬಂತೆಂಬ ಪ್ರಶ್ನೆ ನನ್ನಲ್ಲಿ ಹುಟ್ಟುವ ಮೊದಲೇ ಮೈಸೂರುಪಾಕು ಹಂಚಿಯಾಗಿತ್ತು.

ಮೈಸೂರುಪಾಕಿನ ತುಪ್ಪ ಕೈಯಿಂದ ಹೋಗಿರಲಿಲ್ಲ, ದೂರವಾಣಿಗಳು ಶುರುವಾದವು. ಮಾನ್ಯರೇ, ತಾವು ಮರಳಿಸಿದ್ದು ನಿನ್ನೆಯ ಕೇಂದ್ರವನ್ನಲ್ಲ, ಕಳೆದ ವರ್ಷದ ಆಷಾಢದ ಹಿಂದಿನ ದಿನದ ಕೇಂದ್ರವನ್ನು. ನನಗಿಂತ ಮೊದಲು ಇದೇ ಕುರ್ಚಿಯಲ್ಲಿದ್ದು ಈಗ ಹೆಬ್ಬಾಳದ ಕಡೆಯ ದೊಡ್ಡ ಕಂಪನಿ ಸೇರಿರುವ ನರೇಂದ್ರ ಎಂಬವರಿಗೆ ಫೋನು ಮಾಡಿದಾಗ ಅವರು ಕೊಟ್ಟ ವಿವರಣೆಯನ್ನು ಯಥಾವತ್ತಾಗಿ ಉಲ್ಲೇಖಿಸುತ್ತೇನೆ: “ಅಯ್ಯೋ, ಆಷಾಢದಲ್ಲಿ ನಮ್ಮಲ್ಲಿ ಹೊಸಾ ಸೊಳ್ಳೆಬತ್ತಿನೂ ಹಚ್ಚಲ್ಲ, ದಿನಾ ಹೊಸದಾಗಿ ಶುರು ಆಗೋ ಬ್ಯಾಕಪ್ಪನ್ನೂ ನಿಲ್ಸು ಅಂದ್ರು ಗಂಗರತ್ನಮ್ಮ ಮೇಡಂ, ನಿಲ್ಸಿದೆ. ಶ್ರಾವಣಕ್ಕೆ ಆನ್ ಮಾಡೋಣ ಅಂತಿದ್ದೆ ಕಣ್ರೀ, ಅಷ್ಟ್ರಲ್ಲಿ ಈ ಕೆಲ್ಸ ಸಿಕ್ತು.” ಅಂದರೆ ಅಲ್ಲಿಂದೀಚೆಗೆ ತಮಗೆ ನಿಗದಿಯಾದ ಕೆಲಸವೇ ಇರಲಿಲ್ಲ. ಸೊನ್ನೆ ಕೆಲಸಗಳಲ್ಲಿ ಒಂದೂ ವಿಫಲವಾಗದ್ದರಿಂದ ತಾವು ಪ್ರತಿದಿನ ನೂರಕ್ಕೆ ನೂರು ಯಶಸ್ವಿಯಾಗಿದ್ದಿರಿ. ಸುಳ್ಳಾಡದೆ ಇಷ್ಟು ದೊಡ್ಡ ಸುಳ್ಳನ್ನು ನಿರ್ವಹಿಸಿದ ಬೇರೊಬ್ಬರನ್ನು ನಾನು ಇಡೀ ಸಾಹಿತ್ಯ ಚರಿತ್ರೆಯಲ್ಲಿ ಕಂಡಿಲ್ಲ. ಮನಸಾರೆ ಅಭಿನಂದಿಸುತ್ತೇನೆ.

ತಮ್ಮ ಕೃಪೆಯಿಂದ ಅಂದು ಉತ್ತರ ಬೆಂಗಳೂರಿನ ನೂರಾರು ಗೃಹಸ್ಥರಿಗೆ ಬ್ರಹ್ಮಚರ್ಯ ಮರುಸ್ಥಾಪನೆಯಾಯಿತು. ತಮ್ಮ ನೆರೆಯವರಾದ, ವರಕ್ಕೆ ವಧುವನ್ನು ಹೊಂದಿಸುವ ಯಂತ್ರವು ಎಚ್ಚರಗೊಂಡು, ಇಷ್ಟೊಂದು ಅವಿವಾಹಿತರನ್ನು ಒಟ್ಟಿಗೇ ಕಂಡ ಸಂಭ್ರಮದಲ್ಲಿ ಎಲ್ಲರಿಗೂ ‘ಹುಡುಕಾಟ ಮುಂದುವರಿಸಿದ್ದಕ್ಕೆ ಧನ್ಯವಾದಗಳು’ ಎಂದು ಸಂದೇಶ ಕಳುಹಿಸಿತು. ತುಂಬು ಬಸುರಿಯೊಬ್ಬರಿಗೆ ಸೀಮಂತದ ಆರತಿಯ ಹೊತ್ತಿಗೆ ಐವರು ವರರ ಭಾವಚಿತ್ರಗಳು ಹೋದವು. ಅವರ ಗಂಡನಿಗೂ ಐವರು ಕನ್ಯೆಯರ ಚಿತ್ರಗಳು ಹೋಗಿದ್ದವು. ಹೆಂಡತಿಗೆ ತೋರಿಸಿದ ಐವರೂ ತನಗಿಂತ ಎತ್ತರವಿದ್ದಾರೆ ಎಂಬುದೊಂದೇ ಆ ಗಂಡನ ದೂರು.

ಇವೆಲ್ಲ ನಗುವ ಮಾತು. ನಗಲಾಗದ ಒಂದು ಮಾತೆಂದರೆ ಸಂಯುಕ್ತಾ ಮತ್ತು ವಿಶ್ವನಾಥರ ಮದುವೆ. ಸಂಯುಕ್ತಾ ಕೊಡಿಗೇಹಳ್ಳಿಯ ಹಳೆಯ ಮನೆತನದ ಮುನಿವೆಂಕಟಯ್ಯನವರ ಮಗಳು, ಯಲಹಂಕದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಾರೆ. ವಿಶ್ವನಾಥ ಬಾಗಲಕೋಟೆ ಕಡೆಯಿಂದ ಬಂದು ಯಶವಂತಪುರದಲ್ಲಿ ನೆಲೆಸಿರುವ ಸಿದ್ರಾಮಪ್ಪನವರ ಮಗ. ಇಬ್ಬರೂ ಕಳೆದ ವರ್ಷದ ಯುಗಾದಿಯಲ್ಲೇ ನಮ್ಮಲ್ಲಿ ಹೆಸರು ಬರೆಸಿದ್ದರೂ ಒಬ್ಬರನ್ನೊಬ್ಬರು ಕಂಡುಕೊಂಡದ್ದು ಕಾರ್ತಿಕದಲ್ಲಿ. ಅಂದರೆ ತಾವು ರಜೆಯಲ್ಲಿದ್ದಾಗ. ಮದುವೆಯೂಟಕ್ಕೆ ಮುದ್ದೆಯೋ ಜೋಳದ ರೊಟ್ಟಿಯೋ ಎಂಬ ವಿಷಯದಲ್ಲಿ ಎರಡೂ ಮನೆಯವರು ಬಹಳ ದಿನ ಮುನಿಸಿಕೊಂಡಿದ್ದು, ಎರಡನ್ನೂ ಬಡಿಸುವುದೆಂದು ಆಗಷ್ಟೇ ರಾಜಿಯಾಗಿದ್ದರು. ಆ ವಾರದ ಭಾನುವಾರವೇ ಧಾರೆ. ಅಷ್ಟರಲ್ಲಿ ತಾವು ಅವರ ಕಾರ್ತಿಕವನ್ನು ಅಳಿಸಿಹಾಕಿ, ಇಬ್ಬರನ್ನೂ ‘ಪ್ರಸ್ತಾಪಗಳಿಗೆ ಸ್ವಾಗತ’ ಎಂಬ ಫಲಕದ ಕೆಳಗೆ ನಿಲ್ಲಿಸಿದಿರಿ.

ಮುನಿವೆಂಕಟಯ್ಯನವರು ಮಗಳನ್ನು ಕರೆದುಕೊಂಡು ಬಂದರು. ಬೀಗರು ಎದುರಿಗೇ ಉತ್ತರ ಕೊಡಲೆಂದು ಅವರು ಹೇಳಿಕಳುಹಿಸಿದ್ದರಿಂದ ಸ್ವಲ್ಪ ಹೊತ್ತಿನಲ್ಲೇ ಸಿದ್ರಾಮಪ್ಪನವರೂ ಮಗನೊಡನೆ ಬಂದರು. “ಏನಮ್ಮಾ ಇದು, ನಮ್ ಅಳೀಮಯ್ಯ ಇನ್ನೂ ಎಣ್ಣು ಉಡುಕ್ತಾ ಅವ್ನಂತೆ? ಇಂಗೆ ಮಾಡಿದ್ರೆ ನಾನು ಊರಾಗೆ ಮಕ ಎತ್ಕೊಂಡು ತಿರ್ಗೋದೆಂಗೆ?” ಎಂದು ಮುನಿವೆಂಕಟಯ್ಯನವರು. “ನಿಮ್ಮ ಹುಡುಗಿನೂ ವರ ನೋಡಾಕತ್ತಾಳಂತ ನಮಗೂ ಬಂದೈತ್ರಿ. ಹಂಗಾರ ನಮ್ಮ ಹುಡುಗ ಏನು, ಬ್ಯಾಕಪ್ಪೇನ್ರಿ?” ಎಂದು ಸಿದ್ರಾಮಪ್ಪನವರು. ಆ ಸಭೆಯಲ್ಲಿ ತಮ್ಮ ವೃತ್ತಿಯ ಪ್ರಸ್ತಾಪ ಬಂದದ್ದು ಅದೊಂದೇ ಸಲ, ಅದೂ ಬೈಗುಳವಾಗಿ ಬಂತೆಂದು ತಿಳಿಸಲು ವಿಷಾದಿಸುತ್ತೇನೆ.

ಗಂಗರತ್ನಮ್ಮನವರು ಇದೆಲ್ಲ ಕಂಪ್ಯೂಟರಿನ ತಪ್ಪೆಂದು ತೋರಿಸಲು ತಾವು ಕಳುಹಿಸಿದ ವರದಿಯನ್ನೇ ಮುದ್ರಿಸಿ ಮುಂದಿಟ್ಟರು. ‘ದೋಷ: ಸೊನ್ನೆ’ ಎಂಬುದನ್ನು ಸಿದ್ರಾಮಪ್ಪನವರು ಕನ್ನಡಕ ಹಾಕಿಕೊಂಡು ಓದಿ, “ದೋಷ ಇಲ್ಲ ಅಂತ ಜಾತಕದಾಗ ಮೊದಲ ನೋಡೇವಲ್ರಿ, ಈಗ್ಯಾಕ ಅದು?” ಎಂದರು. ಮುನಿವೆಂಕಟಯ್ಯನವರ ತರ್ಕ ಇನ್ನೂ ಹರಿತವಾಗಿತ್ತು. “ತಪ್ಪಿಲ್ಲ ಅಂತ ಮಿಸಿನ್ನೇ ಬರ್ಕೊಟ್ಟೈತೆ. ಅಂಗಂದ್ಮೇಲೆ ಉಡುಗ ಉಡುಕ್ತಿರೋದು ದಿಟ್ವೇ ಆಯ್ತಲ್ಲ.” ಕೊನೆಗೆ ಸಿದ್ರಾಮಪ್ಪನವರು ಎದ್ದು, “ಭಾನುವಾರದ ಕಾರ್ಯ ತಡೀರಿ. ಕೂತು ವಿಚಾರ ಮಾಡೂಣು,” ಎಂದರು. ಎದುರಾಡಬೇಕಾಗಿದ್ದ ನಾನು, ಈ ಕೆಲಸಕ್ಕೆ ಮಾತಾಡುವ ಅಗತ್ಯವಿಲ್ಲವೆಂದು ನಂಬಿ ಬಂದವಳು, ಬಾಗಿಲ ಬಳಿ ನೀರಿನ ಲೋಟಗಳ ತಟ್ಟೆ ಹಿಡಿದು ನಿಂತಿದ್ದೆ.

ಇಲ್ಲಿ ತಮಗೆ ತಿಳಿದಿರಲಾರದ ಒಂದು ವ್ಯವಸ್ಥೆಯನ್ನು ಹೇಳಬೇಕು. ನಮ್ಮ ಮೊಬೈಲ್ ಆ್ಯಪಿನಲ್ಲಿ ಹುಡುಗ ಹುಡುಗಿ ಇಬ್ಬರೂ ಪರಸ್ಪರರಿಗೆ ‘ಆಸಕ್ತಿ ಇದೆ’ ಎಂದು ಒತ್ತಿದ ಕ್ಷಣ, ಕಚೇರಿಯ ಮುಂಭಾಗದ ಸ್ಪೀಕರಿನಲ್ಲಿ ಗಟ್ಟಿಮೇಳ ಮೊಳಗುತ್ತದೆ. ಇದು ಗಂಗರತ್ನಮ್ಮನವರ ಸ್ವಂತ ಕಲ್ಪನೆ. ಪಕ್ಕದ ದಂತವೈದ್ಯರು ಇದರ ಬಗ್ಗೆ ಎರಡು ಸಲ ಆಕ್ಷೇಪಿಸಿದ್ದಾರೆ.

ತಂದೆಯರು ವಾದಿಸುತ್ತಿದ್ದಾಗ ಮಕ್ಕಳಿಬ್ಬರೂ ಎರಡು ತುದಿಯ ಕುರ್ಚಿಗಳಲ್ಲಿ ತಲೆ ತಗ್ಗಿಸಿ ಮೊಬೈಲು ನೋಡುತ್ತಿದ್ದರು. ನಾನಿದ್ದ ಜಾಗದಿಂದ ಸಂಯುಕ್ತಾ ಅವರ ಪರದೆ ಕಾಣುತ್ತಿತ್ತು, ನೋಡಬಾರದೆಂದುಕೊಂಡೇ ನೋಡಿದೆ. ತಾವು ಮರಳಿಸಿದ ಆಷಾಢಪೂರ್ವ ಜಗತ್ತಿನಲ್ಲಿ ಅವರು ವಿಶ್ವನಾಥನನ್ನು ಹುಡುಕುತ್ತಿದ್ದರು. ಎತ್ತರ, ಊರು, ನಕ್ಷತ್ರ ಹಾಕಿ, ಸಾಲುಗಟ್ಟಿದ ಅಪರಿಚಿತರನ್ನು ಹೆಬ್ಬೆರಳಿನಿಂದ ಆಚೆ ತಳ್ಳುತ್ತ, ಮೀಸೆ ಬೋಳಿಸಿಕೊಳ್ಳುವ ಮೊದಲಿನ ಆ ಮುಖ ಸಿಕ್ಕಾಗ ಸ್ವಲ್ಪ ನಕ್ಕು, ‘ಆಸಕ್ತಿ ಇದೆ’ ಎಂಬುದನ್ನು ಒತ್ತಿದರು. ಆ ತುದಿಯಲ್ಲಿ ವಿಶ್ವನಾಥನ ಮೊಬೈಲು ಗುಂಯ್ ಎಂದಿತು. ಅವನು ತಲೆ ಎತ್ತಿ ನೋಡಿ, ಮತ್ತೆ ತಲೆ ತಗ್ಗಿಸಿದ.

ಸ್ಪೀಕರಿನಲ್ಲಿ ಗಟ್ಟಿಮೇಳ ಮೊಳಗಿತು.

ಮಾನ್ಯರೇ, ಗಟ್ಟಿಮೇಳ ಕೇಳಿದರೆ ನಮ್ಮ ಜನ ಯೋಚಿಸುವುದಿಲ್ಲ, ಎದ್ದು ನಿಲ್ಲುತ್ತಾರೆ. ಗಂಗರತ್ನಮ್ಮನವರು ಎದ್ದರು. ಹೆಸರು ಬರೆಸಲು ಬಂದು ಮೂಲೆಯಲ್ಲಿ ಕುಳಿತಿದ್ದ ಅಪರಿಚಿತ ಕುಟುಂಬವೂ ಎದ್ದಿತು. ಮುನಿವೆಂಕಟಯ್ಯನವರು ಬಾಯಲ್ಲಿದ್ದ ವಾಕ್ಯವನ್ನು ಅರ್ಧಕ್ಕೆ ಬಿಟ್ಟು, ಅಭ್ಯಾಸಬಲದಿಂದ ಅಕ್ಷತೆಗೆಂದು ಕೈ ಚಾಚಿ, ಮೇಜಿನ ಮೇಲಿದ್ದ ಕಲ್ಲುಸಕ್ಕರೆಯನ್ನು ಹಿಡಿಯಷ್ಟು ತೆಗೆದು ಮಕ್ಕಳ ಕಡೆ ಎಸೆದೇಬಿಟ್ಟರು. ಎಸೆದ ಮೇಲೆ ತಾನೇನು ಮಾಡಿದೆನೆಂದು ಅವರಿಗೆ ಗೊತ್ತಾಯಿತು. ಸಿದ್ರಾಮಪ್ಪನವರು ಹೆಗಲ ಮೇಲೆ ಬಿದ್ದ ಹರಳೊಂದನ್ನು ಬಾಯಿಗೆ ಹಾಕಿಕೊಂಡು, ಬಹಳ ಹೊತ್ತು ಚೀಪಿ, “ಅಕ್ಕಿಕಾಳು ಬಿದ್ದಂಗ ಆತು ತಗೋರಿ. ಇನ್ನ ಮುಹೂರ್ತ ತಡದ್ರ ಛಲೋ ಕಾಣೂದುಲ್ಲ,” ಎಂದರು. “ಅಂಗಾದ್ರೆ ಮುದ್ದೆ?” ಎಂದು ಮುನಿವೆಂಕಟಯ್ಯನವರು ಕೇಳಿದರು. “ಮುದ್ದಿನೂ ಇರಲಿ, ರೊಟ್ಟಿನೂ ಇರಲಿ,” ಎಂದರು ಸಿದ್ರಾಮಪ್ಪನವರು. ಒಬ್ಬರನ್ನೊಬ್ಬರು ಎರಡನೆಯ ಸಲ, ಅದೂ ಗೊತ್ತಿದ್ದೂ, ಆರಿಸಿಕೊಂಡ ಜೋಡಿ ನಮ್ಮ ಕೇಂದ್ರದ ಚರಿತ್ರೆಯಲ್ಲಿ ಇದೊಂದೇ. ತಮ್ಮನ್ನು ಅಂದು ಸಂಜೆ ನಾನು ಮತ್ತೆ ಚಾಲೂ ಮಾಡಿದ್ದರಿಂದ, ಮಾರನೆಯ ಬೆಳಿಗ್ಗೆ ತಮ್ಮ ವರದಿಯಲ್ಲಿ ‘ಹೊಸ ಬದಲಾವಣೆ: ಒಂದು’ ಎಂದಿತ್ತು. ತಾವು ಬರೆದದ್ದರಲ್ಲಿ ನನಗೆ ಅತ್ಯಂತ ಪ್ರಿಯವಾದ ಸಾಲು ಅದು.

ಭಾನುವಾರ ಧಾರೆಯಾಯಿತು, ನಾನು ಮುದ್ದೆ ರೊಟ್ಟಿ ಎರಡನ್ನೂ ಉಂಡೆ. ಉಳಿದವರ ಕಳೆದುಹೋದ ತಿಂಗಳುಗಳನ್ನು ಬಾಯಿಮಾತಿನಿಂದ ಕೇಳಿ ಮರಳಿ ತುಂಬಿಸುವ ಕೆಲಸ ನನ್ನ ಪಾಲಿಗೆ ಬಂತು. ಲಿಫ್ಟಿನಲ್ಲಿ ಜನರಿದ್ದರೆ ಮೆಟ್ಟಿಲು ಹತ್ತುವ ನಾನು, ಗುರುತಿಲ್ಲದ ಗಂಡಸರಿಗೆ ಫೋನು ಮಾಡಿ ‘ನಮಸ್ಕಾರ, ತಮಗೆ ಮದುವೆಯಾಗಿದೆಯೇ?’ ಎಂದು ಕೇಳುತ್ತ ವೈಶಾಖವನ್ನು ಕಳೆದೆ. “ಯಾಕ್ ಮೇಡಂ, ಆಗಿಲ್ದಿದ್ರೆ ನೀವ್ ಮಾಡ್ಕೋತೀರಾ?” ಎಂದು ಆರ್‌.ಟಿ. ನಗರದ ಒಬ್ಬರು ಕೇಳಿದರು. ಅವರ ಹೆಸರಿನ ಮುಂದೆ ‘ಅವಿವಾಹಿತ, ಕಾರಣ ಸ್ಪಷ್ಟ’ ಎಂದು ಬರೆದಿದ್ದೇನೆ. ಆ ಟಿಪ್ಪಣಿಯನ್ನು ತಾವು ತಪ್ಪದೆ ಕಾಪಾಡಬೇಕು.

ಇನ್ನು ನನ್ನ ಬಿನ್ನಹಗಳು. ತಾವು ಏನೂ ಮಾಡದ ದಿನ ‘ಇಂದು ನಾನು ಏನೂ ಮಾಡಲಿಲ್ಲ’ ಎಂದು ಬರೆಯುವ ಸೌಜನ್ಯ ಕಲಿಯಬೇಕು. ಹಸಿರಿನ ಜೊತೆಗೆ ನಾಚಿಕೆಯ ಬಣ್ಣವೊಂದನ್ನು ಇಟ್ಟುಕೊಳ್ಳಬೇಕು. ಬೇಕಿದ್ದರೆ ನನ್ನ ಮುಖದಿಂದ ಧಾರಾಳವಾಗಿ ಪಡೆಯಬಹುದು. ನಿಜಕ್ಕೂ ಮರಳಿಸುವ ಶಕ್ತಿಯಿದ್ದರೆ, ತಣಿಸಂದ್ರದಿಂದ ಬರುವಾಗ ಹೆಬ್ಬಾಳದ ಮೇಲ್ಸೇತುವೆಯ ಕೆಳಗೆ ದಿನವೂ ಕಳೆದುಹೋಗುವ ನನ್ನ ಬೆಳಗುಗಳನ್ನು ಒಟ್ಟುಮಾಡಿ, ಒಂದು ಇಡೀ ರಜೆಯಾಗಿ ಹಿಂದಿರುಗಿಸಬೇಕು. ಅದಾಗದಿದ್ದರೆ, ತಾವು ಇಟ್ಟ ಪ್ರತಿಯನ್ನು ತಿಂಗಳಿಗೊಮ್ಮೆ ನಾನು ಬೇರೊಂದು ಯಂತ್ರದಲ್ಲಿ ಬಿಚ್ಚಿ ನೋಡುವಾಗ ಮುಖ ಗಂಟಿಕ್ಕದಿದ್ದರೆ ಸಾಕು.

ಒಂದು ಸಂತೋಷದ ಸಮಾಚಾರವೂ ಇದೆ. ಮತ್ತೆ ಆಷಾಢ ಬಂದಿದೆ. ಮೊನ್ನೆ ಗಂಗರತ್ನಮ್ಮನವರು ಬಾಗಿಲಲ್ಲಿ ನಿಂತು, “ಅದನ್ನ ನಿಲ್ಸಮ್ಮಾ, ಮರೀಬೇಡ,” ಎಂದರು. ನಾನು ಎದ್ದು ನಿಂತು, ಈ ಕಚೇರಿಯಲ್ಲಿ ಮೊತ್ತಮೊದಲ ಬಾರಿಗೆ ಎದುರು ಮಾತಾಡಿದೆ. “ಮೇಡಂ, ಇದು ಶುಭಕಾರ್ಯ ಅಲ್ಲ. ನಿತ್ಯಕರ್ಮ. ಆಷಾಢ ಅಂತ ನೀವು ದೇವರ ಮುಂದೆ ದೀಪ ಹಚ್ಚೋದು ಬಿಡ್ತೀರಾ?” ಅವರು ನನ್ನನ್ನೂ ಪರದೆಯ ಮೇಲಿದ್ದ ತಮ್ಮನ್ನೂ ಸರದಿಯಂತೆ ನೋಡಿ, “ನಿತ್ಯಕರ್ಮ ಅಂತ ಮೊದ್ಲೇ ಹೇಳೋದಲ್ವಾ, ಅದಕ್ಕೆ ತಡೆ ಎಲ್ಲಿದೆ,” ಎಂದು ಹೊರಟುಹೋದರು. ಸಾಹಿತ್ಯ ಓದಿ ಏನು ಪ್ರಯೋಜನವೆಂದು ಕೇಳುವವರಿಗೆ ತಮ್ಮ ವಿಳಾಸ ಕೊಡುತ್ತಿದ್ದೇನೆ.

ತಮ್ಮ ಮೇಲೆ ಸಂಪೂರ್ಣ ನಂಬಿಕೆಯಿಟ್ಟೂ ತಿಂಗಳಿಗೊಮ್ಮೆ ಪರೀಕ್ಷಿಸಿ ನೋಡಲಿರುವ,
ತಮ್ಮ ವಿಶ್ವಾಸಿ,
ಶೀತಲ್

ಮರೆತ ಮಾತು: ನನ್ನ ತಾಯಿ ಕಾಶವ್ವ ನನಗೆ ಹೇಳದೆ ನಮ್ಮ ಕೇಂದ್ರದಲ್ಲೇ ನನ್ನ ಹೆಸರು ಬರೆಸಿದ್ದಾರೆ. ತಮ್ಮ ನೆರೆಯ ಯಂತ್ರವು ನನಗೆ ಅತ್ಯುತ್ತಮ ಹೊಂದಾಣಿಕೆಯೆಂದು ಸೂಚಿಸಿರುವುದು, ಇಲ್ಲೇ ಹೆಸರು ಬರೆಸಿರುವ ಶ್ರೀಯುತ ನರೇಂದ್ರ ಅವರನ್ನು. ಆಷಾಢಕ್ಕೆಂದು ಹೆಂಡತಿಯನ್ನು ತವರಿಗೆ ಕಳುಹಿಸಿ, ಶ್ರಾವಣದಲ್ಲಿ ಕರೆತರುವುದನ್ನು ಮರೆತು, ದಿನಾ ಬೆಳಿಗ್ಗೆ ‘ಎಲ್ಲವೂ ಯಶಸ್ವಿ’ ಎಂದು ಮಾವನ ಮನೆಗೆ ಸಂದೇಶ ಹಾಕುತ್ತಿರಬಲ್ಲ ವರ ಅವರೆಂಬುದನ್ನು ದಯವಿಟ್ಟು ಆ ಯಂತ್ರದ ಗಮನಕ್ಕೆ ತರಬೇಕು. ಅವರ ಕಡೆಯಿಂದ ‘ಆಸಕ್ತಿ ಇದೆ’ ಎಂದು ಬಂದಿದೆ. ನಾನು ಇನ್ನೂ ಏನನ್ನೂ ಒತ್ತಿಲ್ಲ. ಶ್ರಾವಣ ಬರಲಿ, ಅವರಿಗೆ ತಾನಾಗಿ ನನ್ನ ನೆನಪಾಗುತ್ತದೋ ನೋಡುತ್ತೇನೆ.