ಗೊಂಬೆ ತಲೆ ತಗ್ಗಿಸಿದ ದಿನ

ಗೊಂಬೆಗಳನ್ನು ಬಿಸಿನೀರಿನ ಬಕೆಟ್ಟಿನಲ್ಲಿ ಇನ್ನೊಂದು ಐದು ನಿಮಿಷ ನೆನೆಯಲು ಬಿಟ್ಟಿದ್ದರೆ ಇಷ್ಟೆಲ್ಲ ರಾದ್ಧಾಂತ ಆಗುತ್ತಿರಲಿಲ್ಲ. ಆದರೆ ದಾರದ ಮಾವನಿಗೆ ಎಲ್ಲದರಲ್ಲೂ ಆತುರ. ಮೂವತ್ತು ವರ್ಷ ಅಂಚೆ ಕಚೇರಿಯಲ್ಲಿ ಪಾರ್ಸೆಲ್ಲಿಗೆ ಮುದ್ರೆ ಒತ್ತಿದ ಕೈ ಅದು. ಒಂದು ಒತ್ತಿದರೆ ಮುಗಿಯಿತು, ಮುಂದಿನದು ಬರಲಿ.

ನಿವೃತ್ತಿಯಾದ ಮೇಲೆ ಮಾವ ಒಂದು ಕಸೂತಿ ಯಂತ್ರ ತಂದು ಕೋಣೆಯಲ್ಲಿ ಪ್ರತಿಷ್ಠಾಪಿಸಿದ್ದ. ನೀರಿನಲ್ಲಿ ಕರಗುವ ಹಾಳೆಯೊಂದನ್ನು ಚೌಕಟ್ಟಿಗೆ ಬಿಗಿದು ಕೊಟ್ಟರೆ ಸೂಜಿ ಅದರ ಮೇಲೆ ಬರೀ ದಾರದಲ್ಲೇ ನಕ್ಷತ್ರ, ಗಂಟೆ, ರೆಕ್ಕೆಗೊಂಬೆ ಹೆಣೆಯುತ್ತಿತ್ತು. ಆಮೇಲೆ ತೊಳೆದರೆ ಹಾಳೆ ಮಾಯ. ಹಿಂದೆ ಬಟ್ಟೆಯ ಆಸರೆಯಿಲ್ಲದೆ ಗೊಂಬೆ ತನ್ನಷ್ಟಕ್ಕೆ ತಾನು ನಿಲ್ಲುತ್ತಿತ್ತು. ಇಷ್ಟು ಸೊಗಸಾದ ಯಂತ್ರಕ್ಕೆ ಒಂದೇ ಒಂದು ದೋಷ, ಸದ್ದು. ಕೆಳಗಿನ ಮನೆಯ ಕಾರ್ಯದರ್ಶಿಗೆ ಅದು ತನ್ನ ತಲೆಬುರುಡೆಗೇ ಹೊಲಿಗೆ ಹಾಕಿದಂತೆ ಕೇಳುತ್ತಿತ್ತು. ಆರು ಮನೆಗಳ ಆ ಕಟ್ಟಡದಲ್ಲಿ ಅವನದೇ ಕಾರುಬಾರು. ಯಂತ್ರ ಇಲ್ಲಿರಬೇಕೋ ಬೇಡವೋ ಎಂದು ತೀರ್ಮಾನಿಸಲು ಅಂದು ಸಂಜೆ ಐದಕ್ಕೆ ಮೀಟಿಂಗ್ ಕರೆದಿದ್ದ.

"ಅದು ಹೋದ್ರೆ ನಾನೂ ಹೋದಂಗೇ ಕಣೇ," ಎಂದು ಮಾವ ಹೆಂಡತಿಯ ಹತ್ತಿರ ಹೇಳಿಕೊಂಡಿದ್ದ. ತಮಾಷೆಗೆ ಹೇಳಿದ್ದಲ್ಲ. ಯಂತ್ರ ಬರುವ ಮುಂಚೆ ಅವನು ಆರು ತಿಂಗಳು ಕಿಟಕಿಯ ಬಳಿ ಕೂತು ಹೋಗಿಬರುವ ವಾಹನ ಎಣಿಸುತ್ತಿದ್ದುದನ್ನು ಅವಳು ಕಣ್ಣಾರೆ ಕಂಡಿದ್ದಳು.

ಅದಕ್ಕೇ ಮಾವ ಒಂದು ಉಪಾಯ ಹೂಡಿದ. ವರ್ಷದ ಕೊನೆಯ ರಜೆ ಹತ್ತಿರ ಬಂದಿತ್ತು. ಪ್ರತಿ ಬಾಗಿಲಿಗೂ ಒಂದೊಂದು ರೆಕ್ಕೆಗೊಂಬೆ ತೂಗುಹಾಕಿದರೆ ಯಾರ ಮನಸ್ಸು ತಾನೇ ಕರಗುವುದಿಲ್ಲ? ಗೊಂಬೆ ಗಟ್ಟಿಯಾಗಿ ನಿಲ್ಲಲೆಂದು ಕರಗಿದ ಹಾಳೆಯ ಅಂಟನ್ನು ಚೂರು ಉಳಿಸಿಕೊಳ್ಳಬೇಕು. ಮಾವ ಅದ್ದಿದಂತೆ ಮಾಡಿ ತೆಗೆದು ಬೇಕಾದ್ದಕ್ಕಿಂತ ಹೆಚ್ಚೇ ಉಳಿಸಿದ. ಬೆಳಗಾಗುವಷ್ಟರಲ್ಲಿ ಏಳು ಗೊಂಬೆಗಳು ಕೈಮುಗಿದು, ತಲೆಯೆತ್ತಿ, ಒಣಗಿ ನಿಂತಿದ್ದವು. ಮಾವ ಆರು ಬಾಗಿಲಿಗೆ ಆರನ್ನು ತೂಗುಹಾಕಿ ಬಂದ, ಒಂದು ಹೆಚ್ಚಿಗೆ ಉಳಿಯಿತು. ಕಣ್ಣಿನ ಜಾಗದಲ್ಲಿ ಎರಡೆರಡು ತೂತುಗಳಿದ್ದವು. ಹಿಂದಿನಿಂದ ಬೆಳಕು ಬಿದ್ದಾಗ ಗೊಂಬೆ ನಮ್ಮನ್ನೇ ನೋಡಿದಂತಾಗುತ್ತಿತ್ತು.

ಒಂಬತ್ತಕ್ಕೆ ಮೇಲಿನಿಂದ ಚೀರಾಟ ಕೇಳಿಸಿತು.

"ಅಯ್ಯೋ, ಬನ್ರೋ! ನನ್ನ ಕತೆ ಮುಗೀತು!"

ಮೇಲ್ಮನೆ ಅಜ್ಜಿ ಸ್ನಾನ ಮುಗಿಸಿ ಬಾಗಿಲು ತೆರೆದಿದ್ದಳು. ಗೊಂಬೆ ಅವಳ ಕಣ್ಣೆದುರೇ ಮೆಲ್ಲಗೆ, ಬಹಳ ಮೆಲ್ಲಗೆ, ತಲೆ ತಗ್ಗಿಸಿತ್ತು.

"ಗಾಳಿಗೆ ಆಗಿರ್ಬೇಕು ಅಜ್ಜೀ," ಅಂದ ಮಾವ.

"ಗಾಳಿಗೆ ಅಲ್ಲಾಡುತ್ತೆ ಕಣಪ್ಪಾ, ಇದು ಬಗ್ಗಿ ನಮಸ್ಕಾರ ಮಾಡ್ತು. ಹೋಗ್ಬನ್ನಿ ಅನ್ನೋ ನಮಸ್ಕಾರ. ಎಂಬತ್ತೆರಡು ತುಂಬಿದೆ ನಂಗೆ. ಸ್ವಾಗತ ಯಾವ್ದು, ಬೀಳ್ಕೊಡುಗೆ ಯಾವ್ದು ಅಂತ ಗೊತ್ತಾಗಲ್ವಾ?"

ಅಜ್ಜಿ ಹೋಗಿ ಹಾಸಿಗೆ ಹಿಡಿದಳು. ಯಾವ ಪಾತ್ರೆ ಯಾವ ಸೊಸೆಗೆ ಎಂದು ಅಲ್ಲಿಂದಲೇ ಹೇಳತೊಡಗಿದಳು.

ಹತ್ತೂವರೆಗೆ ಎದುರುಮನೆಯ ಸಂಗೀತದ ಮೇಡಂ ಸರದಿ. ಮೂರು ದಿನದ ನೆಗಡಿಗೆ ಬಾಗಿಲ ಬಳಿಯೇ ಕೂತು ಹಬೆ ತಗೊಂಡು ಎದ್ದಿದ್ದಳು. ಅವಳ ಗೊಂಬೆಯೂ ತಲೆ ತಗ್ಗಿಸಿತು. ಕಿರುಚಲು ಬಾಯಿ ತೆರೆದರೆ ಸ್ವರವೇ ಇಲ್ಲ. "ಗೊಂಬೆ ಬಗ್ಗಿತು. ನನ್ನ ಧ್ವನಿ ಹೋಯಿತು" ಎಂದು ಚೀಟಿಯಲ್ಲಿ ಬರೆದು ಮನೆಮನೆಗೆ ತೋರಿಸಿ ಬಂದಳು. ನೆಗಡಿಯ ಮಾತು ಚೀಟಿಯಲ್ಲಿ ಇರಲಿಲ್ಲ.

ಮಾವನಿಗೆ ಆಗ ಹೊಳೆಯಿತು. ಅಲ್ಲಿ ಸ್ನಾನದ ಹಬೆ, ಇಲ್ಲಿ ನೆಗಡಿಯ ಹಬೆ. ಉಳಿದ ಅಂಟು ಮೆತ್ತಗಾಗಿದೆ, ಅಷ್ಟೆ! ಯಾರಿಗೂ ಕಾಣದಂತೆ ಸರಿಮಾಡಿದರಾಯಿತೆಂದು ಮೇಲೆ ಹತ್ತಿ, ಅಜ್ಜಿಯ ಗೊಂಬೆಯ ಗಲ್ಲಕ್ಕೆ ಬೆರಳು ಕೊಟ್ಟು ಎತ್ತುತ್ತಿದ್ದಾಗ ಬೆನ್ನ ಹಿಂದೆ ಯಾರೋ ಕೆಮ್ಮಿದರು. ಕಾರ್ಯದರ್ಶಿ.

"ಓಹೋ! ಆಡಿಸೋರು ನೀವೇನಾ?"

"ಅಲ್ಲ ಸ್ವಾಮೀ, ಅಂಟು. ಹಬೆಗೆ ಅಂಟು ಮೆತ್ತಗಾಗಿ..."

"ದಾರದ ಗೊಂಬೇಲಿ ಅಂಟೆಲ್ಲಿಂದ ಬಂತ್ರೀ? ನನ್ನ ಕಿವಿ ಮೇಲೆ ಹೂ ಇಡೋಕೆ ಬರ್ಬೇಡಿ. ಸಂಜೆ ಮಾತಾಡೋಣ."

ನಾಲ್ಕು ಗಂಟೆಗೆ ಕಾರ್ಯದರ್ಶಿ ಬಾಗಿಲು ತೆರೆದಿಟ್ಟುಕೊಂಡು, ಮೀಟಿಂಗಿನ ಅಂಗಿಗೆ ನೀರು ಚಿಮುಕಿಸಿ ಇಸ್ತ್ರಿ ಮಾಡುತ್ತಿದ್ದ. ಬುಸ್ಸೆಂದು ಹಬೆ ಎದ್ದಿತು. ಅವನು ತಲೆಯೆತ್ತಿದ, ಗೊಂಬೆ ತಲೆ ತಗ್ಗಿಸಿತು. ಬಿಟ್ಟ ಬಾಯಿ ಬಿಟ್ಟಂತೆ ನಿಂತುಬಿಟ್ಟ. ಇಸ್ತ್ರಿಪೆಟ್ಟಿಗೆ ಅಂಗಿಯ ಬೆನ್ನಿನ ಮೇಲೆ ಕೂತಿದ್ದು ಸುಟ್ಟ ವಾಸನೆ ಬಂದಮೇಲೇ ನೆನಪಾಯಿತು.

ಐದಕ್ಕೆ ಮೆಟ್ಟಿಲ ಬುಡದ ಅಂಗಳದಲ್ಲಿ ಎಲ್ಲರೂ ಸೇರಿದರು. ಕಾರ್ಯದರ್ಶಿ ಸೆಕೆಯಲ್ಲೂ ಕೋಟು ತೊಟ್ಟು ಗುಂಡಿ ಹಾಕಿಕೊಂಡಿದ್ದ. ತೀರ್ಪು ಕೇಳದೆ ಸಾಯುವುದಿಲ್ಲವೆಂದು ಅಜ್ಜಿಯೂ ಎದ್ದು ಬಂದಿದ್ದಳು. ಯಾರೂ ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ. ಮೇಲಿನ ಬಾಗಿಲುಗಳಲ್ಲಿ ಬಗ್ಗಿದ ಗೊಂಬೆಗಳು ಇವರ ಮಾತಿಗೆ ಕಿವಿಗೊಟ್ಟಂತೆ ಇದ್ದವು.

"ಒಂದು ಪರೀಕ್ಷೆ ಮಾಡೋಣ," ಅಂದ ಮಾವ. "ನಮ್ಮ ಬಾಗಿಲ ಗೊಂಬೆ ಇನ್ನೂ ನೆಟ್ಟಗಿದೆ. ಕೆಟಲ್ ಹಬೆಗೆ ಹಿಡೀತೀನಿ. ಬಗ್ಗಿದ್ರೆ ಅದು ಅಂಟಿನ ಕೆಲಸ, ಯಂತ್ರ ಇರುತ್ತೆ."

"ಬಗ್ಗದಿದ್ರೆ?" ಎಂದು ಕಾರ್ಯದರ್ಶಿ ಕೇಳಿದ.

"ಬಗ್ಗದಿದ್ರೆ ನಾಳೆ ಬೆಳಗ್ಗೆ ನಾನೇ ಹೊರಗೆ ಸಾಗಿಸ್ತೀನಿ."

ಕೆಟಲ್ ಕುದಿಯಿತು. ಮಾವ ಗೊಂಬೆಯನ್ನು ಹಬೆಗೆ ಹಿಡಿದ. ಒಂದು ನಿಮಿಷ ಕಳೆಯಿತು. ಮಾವನ ಮೀಸೆ ಒದ್ದೆಯಾಗಿ ಜೋತುಬಿತ್ತು, ಅಂಗಿಯ ಕಾಲರ್ ಮುದುರಿತು. ಎರಡು ನಿಮಿಷವಾಯಿತು. ಗೊಂಬೆ ಮಾತ್ರ ಕಂಬದ ಹಾಗೆ ನೆಟ್ಟಗಿತ್ತು. ತೂತುಗಣ್ಣಿನಲ್ಲಿ ಹಬೆ ನುಗ್ಗಿ ಹೊರಬರುತ್ತಿತ್ತು.

"ಯಾರಿಗೆ ಯಾವಾಗ ಬಗ್ಗಬೇಕು ಅಂತ ಅದಕ್ಕೆ ಗೊತ್ತು," ಎಂದು ಅಜ್ಜಿ ಪಿಸುಗುಟ್ಟಿದಳು.

ಕಾರ್ಯದರ್ಶಿ ಮೀಟಿಂಗಿನ ಪುಸ್ತಕದಲ್ಲಿ ತೀರ್ಮಾನ ಬರೆದು ಮುಚ್ಚಿದ. "ನಾಳೆ ಎಂಟು ಗಂಟೆಗೆ ಗಾಡಿ ಬರುತ್ತೆ."

ಮಾವ ಮನೆಗೆ ಬಂದು ಯಂತ್ರದ ಪಕ್ಕ ಕುಸಿದು ಕೂತ. ಒಂದು ಗಂಟೆಯಾದರೂ ಗೊಂಬೆ ಕೈಯಲ್ಲೇ ಇತ್ತು, ಒಣಗಿ ಗರಿಗರಿಯಾಗಿತ್ತು. ಹೆಂಡತಿ ಬಾಗಿಲಲ್ಲಿ ಸೆರಗು ಹಿಂಡುತ್ತ ನಿಂತಳು.

"ರೀ, ಬೈಬೇಡಿ. ನಮ್ಮ ಗೊಂಬೆಗೆ ಮಧ್ಯಾಹ್ನ ನಾನು ಬಣ್ಣ ಇಲ್ದಿರೋ ನೇಲ್ ಪಾಲಿಶ್ ಬಳಿದಿದ್ದೆ. ಅದೂ ನಿಮಗೆ ನಮಸ್ಕಾರ ಹೊಡೆದ್ರೆ ಏನ್ ಗತಿ ಅಂತ ಜೀವ ಹೊಡ್ಕೊಳ್ತಿತ್ತು."

ಮಾವ ಚಂಗನೆ ಎದ್ದ. ಬೈಯುವುದಿರಲಿ, ಅವಳನ್ನು ಹೊತ್ತು ಕುಣಿಯುವಷ್ಟು ಸಂತೋಷವಾಯಿತು. "ಅದಕ್ಕೇ ಬಗ್ಗಲಿಲ್ಲ! ಹಬೆ ಒಳಗೆ ಹೋಗಿದ್ರೆ ತಾನೇ? ಈಗ್ಲೇ ಕಾರ್ಯದರ್ಶಿಗೆ ಹೇಳಿ ಬರ್ತೀನಿ!" ಎನ್ನುತ್ತ ಚಪ್ಪಲಿ ಮೆಟ್ಟಿದವನು ಗೊಂಬೆಯನ್ನು ಮೂಗಿಗೆ ಹಿಡಿದು ನಿಂತುಬಿಟ್ಟ. "ವಾಸನೆನೇ ಇಲ್ವಲ್ಲೇ? ಬಳಿದು ಎಲ್ಲಿಟ್ಟಿದ್ದೆ?"

"ಅಡುಗೆಮನೆ ಕಿಟಕೀಲಿ, ಒಣಗ್ಲಿ ಅಂತ. ಬಾಗ್ಲು ಬೋಳಾಗಿ ಕಾಣುತ್ತೆ ಅಂತ ಆ ಏಳನೇದನ್ನ ತೂಗುಹಾಕಿದ್ದೆ. ಆಮೇಲೆ ಬದಲಾಯಿಸ್ದೆ... ಬದಲಾಯಿಸಿದ್ನಾ?"

ಇಬ್ಬರೂ ಅಡುಗೆಮನೆಗೆ ಹೋಗಿ ನೋಡಿದರು. ಕಿಟಕಿಯಲ್ಲಿ ಒಂದು ಗೊಂಬೆ ಮಿರಮಿರ ಮಿಂಚುತ್ತ, ನೇಲ್ ಪಾಲಿಶ್ ನಾತ ಬೀರುತ್ತ ನಿಂತಿತ್ತು.

ಹಾಗಾದರೆ ಮಾವನ ಕೈಯಲ್ಲಿದ್ದುದು ಏಳನೆಯದು. ಬರೀ ದಾರ, ಬರೀ ಅಂಟು. ಇಬ್ಬರೂ ಕೋಣೆಗೆ ಹಿಂತಿರುಗಿದರು. ಒಲೆ ಹಚ್ಚಿರಲಿಲ್ಲ, ಎಲ್ಲಿಯೂ ಹಬೆಯಿರಲಿಲ್ಲ, ಕಿಟಕಿ ಮುಚ್ಚಿತ್ತು. ಆ ಒಣ ಗೊಂಬೆ ಅವನ ಅಂಗೈಯಲ್ಲಿ ಮೆಲ್ಲಗೆ, ಬಹಳ ಮೆಲ್ಲಗೆ, ತಲೆ ತಗ್ಗಿಸಿತು. ಮಾವನಿಗಲ್ಲ, ಅವನ ಎದುರಿಗಿದ್ದ ಯಂತ್ರಕ್ಕೆ.

ಮಾವ ಸದ್ದಿಲ್ಲದೆ ಚಪ್ಪಲಿ ಬಿಚ್ಚಿಟ್ಟ. ಇದನ್ನು ಹೋಗಿ ಯಾರಿಗೆ ಹೇಳುವುದು?

ಹೆಂಡತಿ ಅವನ ತೋಳು ಹಿಡಿದುಕೊಂಡಳು.

"ಇದೇ ಕೆಲಸಾನ ಮೀಟಿಂಗಲ್ಲಿ ಮಾಡೋಕೆ ಏನ್ರೀ ಆಗಿತ್ತು ಇದಕ್ಕೆ?"