ಕುದುರೆಯ ಮೇಲೆ ಕೂತು ‘ಓ’ ಅಂದದ್ದು

ನಾನು ಕುದುರೆಯಿಂದ ಬಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಬೀಗಿತಿ ಗೌರಮ್ಮಣ್ಣಿಯವರು ಗುಂಡ್ಲುಪೇಟೆಯಲ್ಲಿ ಸಿಕ್ಕಸಿಕ್ಕವರಿಗೆಲ್ಲ, “ಪಾಪ, ಅವರೇನೂ ಬೀಳ್ನಿಲ್ಲ, ಒಸಿ ಬಿರ್ರನೆ ಇಳುದ್ರು ಅಷ್ಟೇಯ” ಎಂದು ಹೇಳಿಕೊಂಡು ಬರುತ್ತಿದ್ದಾರೆ. ಆ ‘ಪಾಪ’ ನನಗೆ ಬೇಡ. ಬಿದ್ದವಳು ಬಿದ್ದೆ ಅನ್ನಬೇಕು. ಕುದುರೆಯದು ತಪ್ಪಿಲ್ಲ, ಸವಾರಿ ಕಲಿಸಿದವಳದು ತಪ್ಪಿಲ್ಲ. ತಪ್ಪು ನನ್ನ ಬಾಯಿಯದು, ಅದರಲ್ಲೂ ಒಂದೇ ಒಂದು ಅಕ್ಷರದ್ದು.

ಅರವತ್ತು ದಾಟಿದ, ಹರವೆ ಅನ್ನುವ ಹಳ್ಳಿಯ ಹೆಂಗಸಿಗೆ ಕುದುರೆ ಯಾಕೆ ಬೇಕಿತ್ತು ಎಂದು ನೀವು ಕೇಳಬಹುದು. ಬೇಕಿರಲಿಲ್ಲ. ಬದನಗುಪ್ಪೆಯ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ನನ್ನ ಅಳಿಯ ಒಂದು ದಿನ ಬಂದು, “ಅತ್ತೆ, ನೇಪಾಳದ ಮುಕ್ತಿನಾಥಕ್ಕೆ ಯಾತ್ರೆ ಹೊರಟದೆ, ನೀವೂ ಅವ್ವನೂ ಹೋಗ್ಬನ್ನಿ” ಅಂದ. ಗೌರಮ್ಮಣ್ಣಿಯವರು ಅಷ್ಟು ದೂರ ಬರುವುದಿಲ್ಲ ಎಂಬ ಧೈರ್ಯದಿಂದ ನಾನು, “ಅವರು ಬಂದ್ರೆ ನಾನೂ ಬತ್ತೀನಿ ಬುಡಪ್ಪ” ಅಂದೆ. ನಾನು ಬರುವುದಿಲ್ಲ ಎಂಬ ಧೈರ್ಯದಿಂದ ಅವರೂ ಅದನ್ನೇ ಅಂದರಂತೆ. ಹೀಗೆ ಯಾರಿಗೂ ಇಷ್ಟವಿಲ್ಲದ ಯಾತ್ರೆ ಗೊತ್ತಾಯಿತು. ನೇಪಾಳ ಫಾರಿನ್ನೋ ಅಲ್ಲವೋ ಎಂದು ನಮ್ಮ ಬೀದಿಯಲ್ಲಿ ಒಂದು ವಾರ ವಾದವಾಯಿತು. ಪಾಸ್‌ಪೋರ್ಟು ಬೇಡ, ವೋಟಿನ ಕಾರ್ಡು ಸಾಕು ಎಂದು ಗೊತ್ತಾದ ಮೇಲೆ ಎದುರು ಮನೆಯ ಮಾದಮ್ಮ, “ವೋಟಿನ ಕಾರ್ಡ್ಗೆ ಸಿಕ್ಕೋದು ಯಾವ ಸೀಮೆ ಫಾರಿನ್ನಮ್ಮಿ? ರೇಷನ್ ಕಾರ್ಡ್ಗೆ ಸೀಮೆಎಣ್ಣೆ ಸಿಕ್ದಂಗಾಯ್ತು” ಅಂದಳು.

ಗೌರಮ್ಮಣ್ಣಿಯವರ ವಿಷಯ ಸ್ವಲ್ಪ ಹೇಳಬೇಕು. ಒಳ್ಳೆಯವರು. ಆದರೆ ಗಂಡಿನ ತಾಯಿ. ನಾನು ಹೆಣ್ಣು ಕೊಟ್ಟವಳು. ಮದುವೆಯಾಗಿ ಹನ್ನೊಂದು ವರ್ಷವಾದರೂ ಎಲೆ ಹಾಕಿದರೆ ಮೊದಲು ಅವರಿಗೆ, ಬಸ್ಸಿನಲ್ಲಿ ಕಿಟಕಿಯ ಸೀಟು ಅವರಿಗೆ, ನಡೆಯುವಾಗ ಅವರು ಮುಂದೆ, ನಾನು ಹಿಂದೆ. ಅವರು ‘ಬೀಗ್ತಮ್ಮಾ’ ಎಂದು ಕರೆದರೆ, ಆ ‘ಮ್ಮಾ’ ಮುಗಿಯುವ ಮೊದಲೇ ನಾನು ‘ಓ’ ಅನ್ನಬೇಕು. ಇದನ್ನು ಯಾರೂ ಬರೆದಿಟ್ಟಿಲ್ಲ. ಬರೆದಿಟ್ಟಿದ್ದರೆ ಹರಿದುಹಾಕಬಹುದಿತ್ತು. ಹನ್ನೊಂದು ವರ್ಷದಲ್ಲಿ ನನಗೆ ಈ ‘ಓ’ ಎಷ್ಟು ಅಭ್ಯಾಸವಾಗಿತ್ತೆಂದರೆ, ಒಮ್ಮೆ ಹಲ್ಲಿನ ಡಾಕ್ಟರು ಬಾಯಿಯೊಳಗೆ ಇಕ್ಕಳ ಇಟ್ಟಿದ್ದಾಗ ಹೊರಗೆ ಕೂತಿದ್ದ ಗೌರಮ್ಮಣ್ಣಿಯವರು ಕರೆದರು. ನಾನು ಇಕ್ಕಳದ ಸಮೇತ ‘ಓ’ ಅಂದೆ.

ರೈಲು, ಬಸ್ಸು ಎಲ್ಲ ಮುಗಿದು, ಕೊನೆಗೆ ನಮ್ಮೂರ ಮಿನಿ ಬಸ್ಸಿಗಿಂತ ಚಿಕ್ಕದಾದ ವಿಮಾನವೊಂದು ನಮ್ಮನ್ನು ಬೆಟ್ಟಗಳ ನಡುವೆ ಇಳಿಸಿತು. ಗಿಡವಿಲ್ಲ, ಮರವಿಲ್ಲ, ಗಾಳಿ ಮಾತ್ರ ಬೇಕಾದಷ್ಟು. ಅಲ್ಲಿಂದ ಮುಂದೆ ಕುದುರೆ. ಯಾತ್ರೆಗೆ ಕರೆದುಕೊಂಡು ಬಂದಿದ್ದ ಚಾಮರಾಜನಗರದ ನಾಗರಾಜು, “ಹೆಂಗಸರೆಲ್ಲ ಸೀರೆ ಒಳಗೆ ಪ್ಯಾಂಟು ಹಾಕ್ಕಳಿ” ಎಂದು ಊರಲ್ಲೇ ಹೇಳಿದ್ದ. ಗೌರಮ್ಮಣ್ಣಿಯವರು ಗುಂಡ್ಲುಪೇಟೆಯ ಟೈಲರ್ ಸಾಬರ ಹತ್ತಿರ ಹಸಿರು ಚೂಡಿದಾರ್ ಹೊಲಿಸಿಕೊಂಡು ಬಂದಿದ್ದರು. ನಾನು ನನ್ನ ಮಗನ ಹಳೇ ಪ್ಯಾಂಟಿನ ಮೇಲೆ ಸೀರೆ ಎತ್ತಿ ಕಟ್ಟಿದ್ದೆ.

ಕುದುರೆಯೆಂದರೆ ನನಗೆ ಗೊತ್ತಿದ್ದದ್ದು ಚಾಮರಾಜನಗರದ ಜಟಕಾದ ಕುದುರೆ. ಚಿಕ್ಕವಳಿದ್ದಾಗ ಅದರ ಬೆನ್ನು, ಬಾಲ ಇಷ್ಟೇ ನೋಡಿದ್ದೆ. “ಮುಂದಕ್ಕೆ ಬನ್ನಿ ತಾಯಿ, ಹಿಂದೆ ಭಾರ” ಎಂದು ಜಟಕಾದವರು ಜಗ್ಗಿ ಜಗ್ಗಿ ಕೂರಿಸುತ್ತಿದ್ದರು. ಇಲ್ಲಿ ಮುಂದೆ ಹಿಂದೆ ಎರಡೂ ಇಲ್ಲ, ಮೇಲೆಯೇ ಕೂರಬೇಕು. ಕಲಿಸಿದವಳು ನನ್ನ ವಯಸ್ಸಿನ ಒಬ್ಬ ನೇಪಾಳದ ಹೆಂಗಸು. ಕೆನ್ನೆ ಗಾಳಿಗೆ ಸುಟ್ಟು ಕೆಂಪಾಗಿತ್ತು. ಅವಳಿಗೆ ಕನ್ನಡ ಬರದು, ನನಗೆ ಅವಳ ಭಾಷೆ ಬರದು, ಆದ್ದರಿಂದ ಜಗಳಕ್ಕೆ ಅವಕಾಶವಿರಲಿಲ್ಲ. ಹೊರಡಲು ಹಿಮ್ಮಡಿಯಿಂದ ತಟ್ಟಬೇಕು. ತಿರುಗಲು ಲಗಾಮು ಎಳೆಯಬೇಕು. ನಿಲ್ಲಲು ‘ಹೋ’ ಅನ್ನಬೇಕು. ಇಷ್ಟೇ ಪಾಠ.

ಆ ‘ಹೋ’ ಕೇಳಿ ನನಗೆ ನಗು ಬಂತು. ಮೂರನೇ ಕ್ಲಾಸಿನಲ್ಲಿ ನಾನು ಸ್ಕೂಲು ಬಿಟ್ಟದ್ದೇ ಆ ಅಕ್ಷರದಿಂದ. ಮೇಷ್ಟರು ‘ಹಸು’ ಎಂದು ಬರೆದು ಓದು ಅಂದರೆ ನಾನು ‘ಅಸು’ ಅನ್ನುತ್ತಿದ್ದೆ. ಅವರು ಹೊಡೆಯುತ್ತಿದ್ದರು, ನಾನು ಇನ್ನೂ ಗಟ್ಟಿಯಾಗಿ ‘ಅಸು’ ಅನ್ನುತ್ತಿದ್ದೆ. ಕೊನೆಗೆ ನನ್ನಪ್ಪ, “ಅಸುನೇ ಮೇಯಿಸ್ಲಿ ಬುಡಿ” ಎಂದು ಕರೆದುಕೊಂಡು ಹೋದ. ಈಗ ಕುದುರೆಯ ಮೇಲೆ ಕೂತು ನಾನು ‘ಓ’ ಅಂದೆ. ಕುದುರೆ ನಿಂತಿತು. ಮೇಷ್ಟರಿಗಿಂತ ಒಳ್ಳೆಯದು ಅಂದುಕೊಂಡೆ.

ಸತ್ಯ ಹೇಳುತ್ತೇನೆ, ನಾನು ಬೇಗ ಕಲಿತೆ. ಗಾಡಿ, ಎತ್ತು, ಎಮ್ಮೆ ಎಲ್ಲವನ್ನೂ ಓಡಿಸಿದವಳಿಗೆ ಮೊಣಕಾಲಿನಲ್ಲಿ ಒತ್ತಿ ಕೂರುವುದು ಕಷ್ಟವಲ್ಲ. ಗೌರಮ್ಮಣ್ಣಿಯವರು ಮಾತ್ರ ಕಣ್ಣು ಮುಚ್ಚಿಕೊಂಡು, “ಅಯ್ಯಯ್ಯೋ ಮಾದಪ್ಪ, ಇದು ಅಲ್ಲಾಡ್ತದ ಕನಪ್ಪೋ!” ಎಂದು ಕೂಗಿದರು. “ಅಲ್ಲಾಡದಿದ್ರೆ ಅದು ಕುದ್ರೆ ಅಲ್ಲ ಕಣ್ರವ್ವ, ಜಗಲಿ” ಅಂದ ನಾಗರಾಜು. ಆ ಹೆಂಗಸು ನನ್ನ ಬೆನ್ನು ತಟ್ಟಿ ನನ್ನನ್ನು ಮುಂದೆ ಬಿಟ್ಟಳು. ತಾನು ಗೌರಮ್ಮಣ್ಣಿಯವರ ಕುದುರೆಯ ಹಗ್ಗ ಹಿಡಿದು ಹಿಂದೆ ಬಂದಳು. ನೋಡಿ, ಹನ್ನೊಂದು ವರ್ಷದಲ್ಲಿ ಮೊದಲ ಸಲ ಗಂಡಿನ ತಾಯಿ ಹಿಂದೆ, ನಾನು ಮುಂದೆ! ಮುಕ್ತಿನಾಥನ ಬಾಗಿಲಿಗೂ ಹೀಗೇ ಮೊದಲು ಹೋಗಬೇಕು ಅಂತ ನನಗೆ ಹಟ ಹುಟ್ಟಿತು. ದೇವರಿಗೆ ಮೊದಲು ನನ್ನ ಮುಖ ಕಾಣಲಿ. ಆಮೇಲೆ ಬೇಕಾದರೆ ಎಲೆ ಅವರಿಗೇ ಮೊದಲು ಹಾಕುತ್ತೇನೆ.

ಅರ್ಧ ಮೈಲಿ ಹೋಗಿದ್ದೆವೇನೋ. ಹಿಂದಿನಿಂದ “ಬೀಗ್ತಮ್ಮಾ!” ಎಂದು ಕೂಗು ಬಂತು. ನಾನು “ಓ” ಅಂದೆ. ಕುದುರೆ ನಿಂತಿತು.

“ಏನಿಲ್ಲ, ಶಾಲು ಒದ್ಕಳಿ ಅನ್ನಕೆ ಕರದೆ. ಯಾಕ್ ನಿಂತ್ಬುಟ್ರಿ?” ಎನ್ನುತ್ತ ಅವರು ಮುಂದೆ ಹೋದರು. ನಾನು ಕುದುರೆಯನ್ನು ಬೈದು, ಹಿಮ್ಮಡಿಯಿಂದ ತಟ್ಟಿ, ಮತ್ತೆ ಅವರನ್ನು ದಾಟಿದೆ. ಸ್ವಲ್ಪ ಹೊತ್ತಿಗೆ, “ಬೀಗ್ತಮ್ಮಾ, ಚಳಿ ಆಯ್ತದಾ?” “ಓ...” ಕುದುರೆ ನಿಂತಿತು. ಸೋಮಾರಿ ಪ್ರಾಣಿ, ನಡೆಯಲಾರದೆ ಏನೋ ನೆಪ ಹುಡುಕುತ್ತದೆ ಅಂದುಕೊಂಡೆನೇ ಹೊರತು ನನ್ನ ಬಾಯಿಯ ಕಡೆ ನನ್ನ ಗಮನ ಹೋಗಲಿಲ್ಲ. ದಾರಿ ಇಳಿಜಾರಾಗಿ ನದಿಯ ಮರಳಿಗೆ ಇಳಿಯುವ ಕಡೆ ಕುದುರೆ ತಾನಾಗಿಯೇ ಕುಣಿಯುತ್ತ ಓಡತೊಡಗಿತು. ನನಗೂ ಉಮೇದು ಬಂದು ಒಂದು ಕೈ ಬಿಟ್ಟು ಸೆರಗು ಸರಿಮಾಡಿಕೊಂಡೆ. ಆಗಲೇ ಅವರು ಕರೆಯಬೇಕೆ?

“ಬೀಗ್ತಮ್ಮಾ!”

“ಓ!”

ಕುದುರೆ ನಿಂತಿತು. ನಾನು ನಿಲ್ಲಲಿಲ್ಲ. ಅದರ ಕುತ್ತಿಗೆಯ ಮೇಲಿಂದ ಜಾರಿ ಬೋರಲಾಗಿ ಮರಳಿಗೆ ಬಿದ್ದೆ. ಅದು ಜನ ಸಾಲಿಗ್ರಾಮ ಆರಿಸಿಕೊಳ್ಳುವ ನದಿ. ಹಿಂದಿನಿಂದ ಬಂದ ಗೌರಮ್ಮಣ್ಣಿಯವರು ಕುದುರೆಯ ಮೇಲಿಂದಲೇ ಬಗ್ಗಿ ನೋಡಿ, “ಬೀಗ್ತಮ್ಮಾ, ಸಾಲಿಗ್ರಾಮ ಸಿಕ್ತಾ?” ಅಂದರು. ಮರಳಿನಲ್ಲಿ ಮೂಗಿಟ್ಟುಕೊಂಡೇ ನಾನು ಅದಕ್ಕೂ ‘ಓ’ ಅಂದೆ. ನನ್ನ ಕುದುರೆ ಇನ್ನೂ ಗಟ್ಟಿಯಾಗಿ ನಿಂತುಕೊಂಡಿತು.

ನೇಪಾಳದ ಹೆಂಗಸಿಗೆ ಆಗ ಅರ್ಥವಾಯಿತು. ಅವಳು ಗೌರಮ್ಮಣ್ಣಿಯವರ ಬಾಯಿ ತೋರಿಸಿ, ನನ್ನ ಬಾಯಿ ತೋರಿಸಿ, ‘ಓ’ ಅಂದು, ಕುದುರೆಯ ಕಾಲು ತೋರಿಸಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. “ನಾನೇನ್ ಮಾಡ್ದೆ? ಕರದೆ ಅಷ್ಟೇಯ” ಅಂದರು ಗೌರಮ್ಮಣ್ಣಿಯವರು. ಮೊಣಕೈ ತರಚಿದ್ದು ಬಿಟ್ಟರೆ ನನಗೆ ಏನೂ ಆಗಿರಲಿಲ್ಲ. ಅವರೇ ಇಳಿದು ಬಂದು ತಮ್ಮ ಡಬ್ಬಿಯ ಕೊಬ್ಬರಿ ಎಣ್ಣೆ ಹಚ್ಚಿದರು. ಹಚ್ಚುವಾಗ ಹೆಗಲು ಕುಣಿಯುತ್ತಿತ್ತು. ಅಳುತ್ತಿರಲಿಲ್ಲ. ಆ ಸಂಜೆ ದಾರಿಯ ಹಳ್ಳಿಯಲ್ಲಿ ತಂಗಿದೆವು. ಮುಕ್ತಿನಾಥ ಇನ್ನೂ ಮೇಲಿತ್ತು. ನಾನು ಮನಸ್ಸಿನಲ್ಲೇ ಒಂದು ಉಪಾಯ ಮಾಡಿಟ್ಟುಕೊಂಡೆ.

ಮಾರನೆಯ ಬೆಳಿಗ್ಗೆ ಗೌರಮ್ಮಣ್ಣಿಯವರಿಗೆ ಧೈರ್ಯ ಬಂದಿತ್ತು. “ಇವತ್ತು ಹಗ್ಗ ಬ್ಯಾಡ” ಎಂದು ಅವರೇ ಲಗಾಮು ಹಿಡಿದರು. ನಾನು ಎಂದಿನಂತೆ ಮರ್ಯಾದೆಯಿಂದ ಅವರನ್ನು ಮುಂದೆ ಬಿಟ್ಟೆ. ದಾರಿ ಏರುತ್ತಾ ಹೋಗಿ ದೇವಸ್ಥಾನದ ಗೋಡೆ ಕಂಡಿತು. ಇದೇ ಹೊತ್ತು ಅಂದುಕೊಂಡು, ಜೇನು ಸುರಿಯುವ ದನಿಯಲ್ಲಿ ಕರೆದೆ: “ಬೀಗ್ತೇರೇ!”

“ಏನು?” ಅಂದರು. ಕುದುರೆ ನಡೆಯಿತು.

ಇನ್ನೊಂದು ಸಲ ಕರೆದೆ. “ಏನ್ ಯೋಳಿ ಅಂದ್ನಲ್ಲ!” ಅಂದರು. ಕುದುರೆ ಇನ್ನೂ ಜೋರಾಗಿ ನಡೆಯಿತು. ಗಂಡಿನ ತಾಯಿ ಯಾವತ್ತಾದರೂ ‘ಓ’ ಅಂದದ್ದುಂಟೆ? ಇಷ್ಟು ವರ್ಷ ಅವರ ಜೊತೆ ಇದ್ದೂ ನನಗೆ ಇದು ಹೊಳೆದಿರಲಿಲ್ಲ. ಅವರು ತಿರುಗಿ, ಏನು ಬೇಕಿತ್ತೋ ಏನೋ ಎಂಬ ಕಾಳಜಿಯಿಂದಲೇ, “ಬೀಗ್ತಮ್ಮಾ!” ಎಂದು ಕರೆದರು.

ಈ ಸಲ ಬೀಳಲಿಲ್ಲ. ಎರಡೂ ಕೈಯಲ್ಲಿ ಜೂಲು ಹಿಡಿದುಕೊಂಡೇ ‘ಓ’ ಅಂದೆ.