ಗೋ ಅಂಡ್ ಕಮ್ ಎಂದ ತಪ್ಪಿಗೆ

ಇಂಗ್ಲಿಷಿನಲ್ಲಿ ನಾನು ಜಗಳವಾಡಬಲ್ಲೆ, ಮ್ಯಾನೇಜರನ್ನು ಸಮಾಧಾನ ಮಾಡಬಲ್ಲೆ, ಇನ್ಶೂರೆನ್ಸಿನವರ ಜೊತೆ ಫೋನಿನಲ್ಲಿ ವಾದಿಸಿ ಗೆದ್ದದ್ದೂ ಉಂಟು. ಆದರೆ ಆ ಭಾಷೆಯಲ್ಲಿ ಒಬ್ಬರನ್ನು ಬಾಗಿಲಿನಿಂದ ಕಳುಹಿಸಿಕೊಡುವುದು ಮಾತ್ರ ನನಗೆ ಇಂದಿಗೂ ಬಂದಿಲ್ಲ. ಬರಿಯ ‘ಹೋಗು’ ಎನ್ನಲು ನಾಲಿಗೆ ಏಳುವುದಿಲ್ಲ. ನಮ್ಮಲ್ಲಿ ಕೊತ್ತಂಬರಿ ಸೊಪ್ಪು ತರಲು ಹೊರಟವನೂ ‘ಬರ್ತೀನಿ’ ಎಂದೇ ಚಪ್ಪಲಿ ಮೆಟ್ಟುತ್ತಾನೆ.

ಆಸ್ಟಿನ್ನಿನಲ್ಲಿ ನಮ್ಮ ಮೇಲಿನ ಅಪಾರ್ಟ್‌ಮೆಂಟಿನಲ್ಲಿ ಟಾಶಾ ಎಂಬ ಕಾಲೇಜು ಹುಡುಗಿ ಗೆಳತಿಯೊಬ್ಬಳ ಜೊತೆ ಇದ್ದಳು. ಸಂಜೆಯಾದರೆ ಅಲ್ಲಿಂದ ಧಡ್ ಧಡ್ ಎಂಬ ಸದ್ದು. ‘ಮೇಲ್ಗಡೆ ಅವಲಕ್ಕಿ ಕುಟ್ತಾ ಇದಾರೇನೇ?’ ಎನ್ನುತ್ತ ನನ್ನ ಗಂಡ ಶ್ರೀಕಂಠ ಪೊರಕೆಯ ಹಿಡಿಯಿಂದ ಛಾವಣಿಗೆ ಗುದ್ದುತ್ತಿದ್ದರು. ಅದಕ್ಕೂ ನಿಲ್ಲದಾಗ ದೂರು ಹೇಳಲೆಂದು ಇಬ್ಬರೂ ಮೆಟ್ಟಿಲು ಹತ್ತಿದೆವು. ಬಾಗಿಲು ತೆರೆದವಳ ಮುಖ ನೋಡಲು ಕತ್ತೆತ್ತಬೇಕಾಯಿತು. ಕಂಕುಳಲ್ಲಿ ಬಾಸ್ಕೆಟ್‌ಬಾಲ್. ‘ಸಾರಿ, ಮ್ಯಾಮ್’ ಎಂದು ಅವಳು ಎಷ್ಟು ಸಂಕಟಪಟ್ಟಳೆಂದರೆ, ದೂರು ಹೇಳಲು ಹೋದವರು ಅವಳ ಆಟದ ಟಿಕೆಟ್ ಹಿಡಿದುಕೊಂಡು ಇಳಿದುಬಂದೆವು.

ಆಮೇಲೆ ಊರಿನಲ್ಲಿ ನಡೆದ ಅವಳ ಆಟ ಒಂದನ್ನೂ ಬಿಡಲಿಲ್ಲ. ನನಗೆ ನಿಯಮ ಗೊತ್ತಿಲ್ಲ, ಕಂಡದ್ದನ್ನಷ್ಟೇ ಹೇಳುತ್ತೇನೆ. ಚೆಂಡು ಕೈ ಬಿಟ್ಟ ಮೇಲೆ ಅವಳು ಬುಟ್ಟಿಯ ಕಡೆ ನೋಡುತ್ತಿರಲಿಲ್ಲ, ತಿರುಗಿ ಓಡುತ್ತಿದ್ದಳು. ಚೆಂಡು ಒಳಗೆ ಬೀಳುವುದು ಅವಳ ಬೆನ್ನ ಹಿಂದೆ. ಆ ಕಾಲೇಜಿನಲ್ಲಿ ಅದುವರೆಗೆ ಯಾರೂ ಗಳಿಸದಷ್ಟು ಪಾಯಿಂಟುಗಳನ್ನು ಅವಳು ಗಳಿಸಿದ ದಿನ, ಶ್ರೀಕಂಠ ಪಕ್ಕದ ಸೀಟಿನ ಅಪರಿಚಿತನ ಹೆಗಲು ಅಲುಗಿಸಿ ‘ಅವರ್ ಅಪ್‌ಸ್ಟೇರ್ಸ್ ಗರ್ಲ್’ ಎಂದರು. ಪೊರಕೆಯ ವಿಷಯ ಹೇಳಲಿಲ್ಲ.

ಡಲ್ಲಾಸಿನ ವೃತ್ತಿಪರ ತಂಡವೊಂದು ಅವಳನ್ನು ಆರಿಸಿತು. ಸೂಟ್‌ಕೇಸ್ ಸಮೇತ ಹೇಳಿಹೋಗಲು ಬಂದು ಅಪ್ಪಿಕೊಂಡಳು. ‘ಗೋ ಅಂಡ್ ಕಮ್’ ಎಂದುಬಿಟ್ಟೆ.

ಅವಳು ಅಲ್ಲೇ ನಿಂತಳು. ‘ಕಮ್ ವೆನ್, ಮ್ಯಾಮ್?’

ನಕ್ಕು ಕಳಿಸಿದೆ.

ಅವಳನ್ನು ನೋಡಲು ಡ್ರೈವ್ ಮಾಡಿಕೊಂಡು ಹೋಗಿ ಡಲ್ಲಾಸಿನ ಪಕ್ಕದ ಇರ್ವಿಂಗಿನ ಸ್ನೇಹಿತರ ಮನೆಯಲ್ಲಿ ಉಳಿದೆವು. ಆಟ ಶುರುವಾಗಿ ಎಷ್ಟು ಹೊತ್ತಾದರೂ ಟಾಶಾ ಹೆಗಲಿಗೆ ಟವೆಲ್ ಹಾಕಿಕೊಂಡು ಬೆಂಚಿನಲ್ಲಿ ಕೂತಿದ್ದಳು.

‘ಯಾಕ್ರೀ ಅವಳನ್ನ ಇಳಿಸ್ತಿಲ್ಲ?’

‘ಇಳಿಸ್ತಾರೆ, ಸುಮ್ನಿರು.’

ಇಳಿಸಲಿಲ್ಲ. ಕೆಲವು ವಾರಗಳ ಮೇಲೆ ತಂಡವೇ ಅವಳನ್ನು ಕೈಬಿಟ್ಟಿತು. ಒಂದು ಮಧ್ಯಾಹ್ನ ಬಾಗಿಲು ತೆರೆದರೆ ಅದೇ ಸೂಟ್‌ಕೇಸ್, ಅದೇ ಹುಡುಗಿ. ‘ಐ ವೆಂಟ್ ಅಂಡ್ ಕೇಮ್, ಮ್ಯಾಮ್’ ಎಂದು ನಗಲು ನೋಡಿದಳು. ನಾನು ಅವಳ ಕೈಯಿಂದ ಸೂಟ್‌ಕೇಸ್ ತೆಗೆದುಕೊಂಡು ಒಳಗಿಟ್ಟೆ.

‘ನಿನ್ನ ಬಾಯಿ ಹರಕೆ ಫಲಿಸ್ತಲ್ಲೇ’ ಎಂದರು ಶ್ರೀಕಂಠ. ತಮಾಷೆಗೇ ಅಂದದ್ದು. ನಾನು ಆ ದಿನ ಅವರಿಗೆ ಕಾಫಿ ಕೊಡಲಿಲ್ಲ.

ಅವಳು ಮತ್ತೆ ಮೇಲಿನ ಮನೆಗೆ ಬಂದಳು, ಸದ್ದು ಬರಲಿಲ್ಲ. ಸಂಜೆಯಾದರೆ ನಾವಿಬ್ಬರೂ ಮಾತು ನಿಲ್ಲಿಸಿ ಛಾವಣಿ ನೋಡುತ್ತಿದ್ದೆವು. ಕೊನೆಗೊಂದು ದಿನ ಶ್ರೀಕಂಠ ಪೊರಕೆ ತಂದು ಹಿಡಿಯಿಂದ ಮೆಲ್ಲಗೆ ಗುದ್ದಿದರು. ಇನ್ನೊಮ್ಮೆ ಗುದ್ದಿದರು. ಸ್ವಲ್ಪ ಹೊತ್ತಿಗೆ ಧಡ್ ಎಂದಿತು. ಆಮೇಲೆ ನಿಲ್ಲಲೇ ಇಲ್ಲ. ಕುಕ್ಕರಿನ ಸೀಟಿಯೂ ಕೇಳದಷ್ಟು ಗದ್ದಲದಲ್ಲಿ ನಾವು ಸುಖವಾಗಿ ಊಟ ಮಾಡಿದೆವು.

ಹ್ಯೂಸ್ಟನ್ನಿನ ತಂಡವೊಂದು ಟ್ರಯಲ್ಸಿಗೆ ಕರೆದಾಗ, ಈ ಸಲವಾದರೂ ಬಾಯಿ ಬಿಗಿಹಿಡಿಯಬೇಕೆಂದು ದೋಸೆ ಹಿಟ್ಟು ರುಬ್ಬುತ್ತ ಅಭ್ಯಾಸ ಮಾಡಿದೆ. ಹೊರಡುವಾಗ ‘ಗೋ’ ಎಂದೆ. ಟಾಶಾ ಉಳಿದ ಮಾತಿಗೆ ಕಾದಳು.

‘ದಟ್ಸ್ ಇಟ್?’

‘ದಟ್ಸ್ ಇಟ್.’

ಕಾರು ಹತ್ತಿ, ಕಿಟಕಿ ಇಳಿಸಿ, ಒಂದೊಂದೇ ಅಕ್ಷರವನ್ನು ಹುಷಾರಾಗಿ ಇಡುತ್ತ ‘ಬರ್...ತೀ...ನಿ’ ಎಂದಳು. ಶ್ರೀಕಂಠ ಬಹಳ ಗಮನವಿಟ್ಟು ಪಾರ್ಕಿಂಗಿನ ಮರವೊಂದನ್ನು ನೋಡುತ್ತಿದ್ದರು.

‘ಕೇಳಿದ್ಲು, ಹೇಳ್ಕೊಟ್ಟೆ ಕಣೇ.’

ಅವರನ್ನು ಬೈಯಲು ತೆರೆದ ಬಾಯಿ ‘ಹ್ಞೂಂ, ಬಾಮ್ಮ’ ಎಂದಿತು.

ಹ್ಯೂಸ್ಟನ್ನಿನವರು ಅವಳನ್ನು ಉಳಿಸಿಕೊಂಡರು. ಟಿವಿಯಲ್ಲಿ ನೋಡುತ್ತೇನೆ: ಚೆಂಡು ಬಿಟ್ಟು ತಿರುಗಿ ಓಡುತ್ತಾಳೆ. ಅವಳು ಅಲ್ಲೇ ಇರಲಪ್ಪ ಎಂದು ಕೈ ಮುಗಿಯುತ್ತೇನೆ. ಮುಗಿದ ಕೈ ಬಿಡಿಸುವ ಮೊದಲೇ ಮೆಟ್ಟಿಲ ಮೇಲೆ ಯಾರದಾದರೂ ಹೆಜ್ಜೆ ಕೇಳಿಸಿದರೆ, ಓಡಿಹೋಗಿ ಬಾಗಿಲು ತೆರೆಯುವವಳೂ ನಾನೇ.